ಅಕ್ಕನ ಜಗಲಿಯ ಎತ್ತರ

ಎರಡು ಕಾರುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸಲು ನಾನು ಹಾಸನದ ಶೋರೂಮುಗಳಿಗೆ ಒಂದು ಬಿದಿರು ಕಡ್ಡಿ ಹಿಡಿದುಕೊಂಡು ಹೋಗಿದ್ದೆ. ಜನ ನಕ್ಕರು. ನನಗೇನೂ ಅನಿಸಲಿಲ್ಲ. ಕಾರು ಯಾರಿಗೆ ಬೇಕಿತ್ತು ಅನ್ನುವುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಬೇಕಿದ್ದದ್ದು ನನ್ನ ಅಕ್ಕನಿಗೆ. ಅವಳನ್ನು ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಹನ್ನೊಂದು ವರ್ಷದವರೆಗೆ ದನ ಕಾಯುತ್ತಿದ್ದ ನನ್ನನ್ನು ಕೈಹಿಡಿದು ಶಾಲೆಗೆ ಸೇರಿಸಿದವಳು ಅವಳೇ. ನಾನು ಒಂದನೇ ಕ್ಲಾಸಿನಲ್ಲಿ ಮೊಣಕಾಲು ಮಡಚಲು ಜಾಗವಿಲ್ಲದೆ ಕೂತಿದ್ದು ನೆನಪಿದೆ. ಈಗ ಹೊಳೆನರಸೀಪುರದಲ್ಲಿ ಪಶು ಆಹಾರದ ಅಂಗಡಿ ಇಟ್ಟುಕೊಂಡಿದ್ದೇನೆ.

ಗೌರಿ ಹಬ್ಬಕ್ಕೆ ಅಕ್ಕ ಪ್ರತಿ ವರ್ಷ ನಮ್ಮ ಮನೆಗೆ ಬಂದು ಬಾಗಿನ ತೆಗೆದುಕೊಂಡು ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಹಬ್ಬ ಮುಗಿಸಿ ವಾಪಸ್ಸು ಹೊರಟಾಗ, ಬಸ್ಸಿನ ಮೆಟ್ಟಿಲು ಹತ್ತಲು ಅವಳ ಬಲ ಮಂಡಿ ಒಪ್ಪಲಿಲ್ಲ. ಕಂಡಕ್ಟರು ಮೇಲಿನಿಂದ ಕೈ ಎಳೆದರು, ಹಿಂದಿನಿಂದ ಯಾರೋ ಒಬ್ಬರು ಎತ್ತಿಕೊಟ್ಟರು. ಅವರದೆಲ್ಲ ಒಳ್ಳೆಯ ಮನಸ್ಸೇ. ಆದರೆ ಒಳಗಿನಿಂದ ಒಬ್ಬ, "ಅತ್ತಿತೇನ್ರಪ್ಪಾ ಮೂಟೆ?" ಅಂದ. ಬಸ್ಸೆಲ್ಲ ನಕ್ಕಿತು. ಅಕ್ಕನೂ ನಕ್ಕಳು.

ಮುಂದಿನ ವರ್ಷ ಅವಳು ಬರಲಿಲ್ಲ. ಬಾಗಿನವನ್ನು ನಾನೇ ಹೊತ್ತುಕೊಂಡು ಹೋದೆ.

"ಇನ್ಮೇಲೆ ನನ್ನ ಯಾರೂ ಎತ್ತಿ ಕೂರಿಸ್ಬಾರ್ದು ಕಣ್ಲಾ," ಅಂದಳು. "ನಾನಾಗೇ ಅತ್ತಿ ನಾನಾಗೇ ಇಳಿಯೋ ಗಾಡಿ ಇದ್ರೆ ಬತ್ತೀನಿ. ಇಲ್ದಿದ್ರೆ ನೀನೇ ಬಾ."

ಅವತ್ತೇ ಕಾರು ಕೊಳ್ಳುವ ತೀರ್ಮಾನ ಮಾಡಿದೆ.

ನಮ್ಮ ಕೈಗೆ ಎಟುಕುವಂಥವು ಎರಡೇ, ಎರಡೂ ಸಣ್ಣ ಕಾರುಗಳು. ಒಂದು ತಗ್ಗಾಗಿ, ನುಣ್ಣಗೆ, ಹಿಂದೆ ದೊಡ್ಡ ಡಿಕ್ಕಿ ಇರುವಂಥದು. ಚನ್ನರಾಯಪಟ್ಟಣದಲ್ಲಿರುವ ನನ್ನ ಬಾಮೈದನ ಹತ್ತಿರ ಅದೇ ಇದೆ. ಇನ್ನೊಂದು ನೆಟ್ಟಗೆ ನಿಂತ ಪೆಟ್ಟಿಗೆಯ ಹಾಗೆ, ಅಗಲಕ್ಕಿಂತ ಎತ್ತರವೇ ಹೆಚ್ಚು ಅನಿಸುವಂಥದು. ಅದರ ಹೆಸರು ಎತ್ತಿದರೆ ಸಾಕು, ಬಾಮೈದ ಫೋನಿನಲ್ಲೇ ತಲೆ ಚಚ್ಚಿಕೊಳ್ಳುತ್ತಿದ್ದ.

"ಅದು ಕಾರಲ್ಲ ಕಣ್ ಬಾವ, ಅಕ್ಕಿ ಡಬ್ಬ. ಚಕ್ರ ಆಕವ್ರೆ ಅಷ್ಟೆ. ಅದ್ರಲ್ಲಿ ಮದ್ವೆಗೋದ್ರೆ ಅಡಿಗೆಯೋರು ಅನ್ಕಂಡು ಇತ್ಲು ಬಾಗ್ಲಿಗೆ ಕಳಿಸ್ತಾರೆ."

"ಊಟ ಅಲ್ಲೇ ಬಿಸಿಯಾಗಿರ್ತದೆ ಬುಡು," ಅಂದೆ.

ಎರಡು ಕಾರುಗಳ ಪುಸ್ತಿಕೆಯನ್ನೂ ಸಾಲು ಬಿಡದೆ ಓದಿದೆ. ನನ್ನದು ನಿಧಾನದ ಓದು, ಆದರೆ ಏನೂ ತಪ್ಪಿಸಿಕೊಳ್ಳುವುದಿಲ್ಲ. ನೆಲದಿಂದ ತಳದ ಎತ್ತರ ಇತ್ತು, ಚಾವಣಿಯ ಎತ್ತರ ಇತ್ತು. ಸೀಟಿನ ಎತ್ತರ ಎರಡರಲ್ಲೂ ಇರಲಿಲ್ಲ. ಶೋರೂಮಿನ ಹುಡುಗಿಯನ್ನು ಕೇಳಿದೆ. ಅವಳು ಫೋನಿನಲ್ಲಿ ಹುಡುಕಿ ಸೋತು, "ಸಾ, ಇದನ್ನ ಇದುವರ್ಗೂ ಯಾರೂ ಕೇಳಿಲ್ಲ," ಅಂದಳು.

ಅದಕ್ಕೇ ಆ ಕಡ್ಡಿ. ಅಕ್ಕ ಯಾರ ಕೈಯನ್ನೂ ಹಿಡಿಯದೆ ಕೂತು ಏಳುವ ಜಾಗ ಅವಳ ಮನೆಯ ಜಗಲಿಯೊಂದೇ. ಒಂದು ಭಾನುವಾರ ಅಲ್ಲಿಗೆ ಹೋಗಿ, ಬಿದಿರು ಕಡ್ಡಿಯನ್ನು ಜಗಲಿಗೆ ಒರಗಿಸಿ ನಿಲ್ಲಿಸಿ, ಸಮಕ್ಕೆ ಕುಡುಗೋಲಿನಿಂದ ಕಚ್ಚು ಹಾಕಿದೆ.

"ಏನ್ಲಾ, ಜಗ್ಲಿ ಕಿತ್ಕಂಡೋಯ್ತೀಯಾ?" ಅಂತ ಅಕ್ಕ ಒಳಗಿನಿಂದ ಕೂಗಿದಳು.

"ಊಂ, ನಮ್ಮನೇಲಿ ಇಕ್ಕೊಳ್ಳಕೆ," ಅಂದೆ.

ಹಾಸನದಲ್ಲಿ ತಗ್ಗಿನ ಕಾರಿನ ಸೀಟು ಕಚ್ಚಿಗಿಂತ ಒಂದು ಗೇಣು ಕೆಳಗಿತ್ತು. ಎತ್ತರದ ಕಾರಿನದು ಕಚ್ಚಿಗೆ ಸರಿಯಾಗಿ ಬಂತು. ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಆದರೂ ಅಕ್ಕ ಕೂತು ನೋಡದೆ ಬುಕ್ ಮಾಡುವುದು ಬೇಡ ಎಂದು ನನ್ನ ಹೆಂಡತಿ ಹೇಳಿದಳು. ಶೋರೂಮಿನವರು ಓಡಿಸಿ ನೋಡುವ ಕಾರನ್ನು ಅಕ್ಕನ ಊರಿಗೇ ಕಳಿಸಲು ಒಪ್ಪಿದರು. ಸುದ್ದಿ ತಿಳಿದ ಬಾಮೈದ ತನ್ನ ಕಾರನ್ನೂ ತೊಳೆದು ತಂದು ಅದರ ಪಕ್ಕದಲ್ಲಿ ನಿಲ್ಲಿಸಿದ.

ನಾನು ಪೆಟ್ಟಿಗೆ ಕಾರಿನ ಮುಂದಿನ ಎಡಬಾಗಿಲು ತೆಗೆದೆ. ಅಕ್ಕ ಹತ್ತಿರ ಬಂದು ನಿಂತಳು, ನಿಂತೇ ಇದ್ದಳು. ಆಗ ನನ್ನ ತಪ್ಪು ನನಗೆ ಹೊಳೆಯಿತು. ಎಡಬಾಗಿಲಲ್ಲಿ ಮೊದಲು ಒಳಗೆ ಹೋಗಬೇಕಾದದ್ದು ಬಲಗಾಲು. ಅವಳ ಬಲ ಮಂಡಿ ಮಡಚುವುದೇ ಇಲ್ಲ. ಎತ್ತರ ಅಳೆದಿದ್ದೆ, ಕಾಲು ಯಾವುದು ಅಂತ ಯೋಚಿಸಿರಲಿಲ್ಲ.

"ಆ ಕಡೆ ಹಿಂದಿನ ಬಾಗ್ಲಿಂದ ಬಾರಕ್ಕ," ಅಂದೆ. ಅಲ್ಲಾದರೆ ಎಡಗಾಲು ಮೊದಲು ಹೋಗುತ್ತದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ತವರಿಗೋಗೋ ಗಾಡಿಗೆ ಎಡಗಾಲಿಕ್ಕಿ ಅತ್ತಲಾ? ಬುದ್ಧಿ ಐತೇನ್ಲಾ ನಿಂಗೆ? ಇಸ್ಕೂಲ್ಗೆ ಯಾಕಾರ ಸೇರಿಸ್ದ್ನೋ."

ಹಾಗಂದವಳೇ ವಾಪಸ್ಸು ಹೋಗಿ ಜಗಲಿಗೆ ಬೆನ್ನು ಕೊಟ್ಟು, ಎರಡು ಕೈ ಹಿಂದಕ್ಕೆ ಊರಿ ಕೂತಳು. ಆಮೇಲೆ ಎರಡು ಕಾಲನ್ನೂ ಜೋಡಿಸಿ ಪಕ್ಕಕ್ಕೆ ತಿರುಗಿಸಿ ಜಗಲಿಯ ಮೇಲೆ ಎಳೆದುಕೊಂಡಳು. ವರ್ಷಗಟ್ಟಲೆ ಅವಳು ಕೂರುವುದೇ ಹಾಗೆ. ನಾನು ನೋಡಿದ್ದೆ, ಕಂಡಿರಲಿಲ್ಲ.

"ಅಕ್ಕಾ, ಈಗ ಕೂತ್ಕಂಡ್ಯಲ್ಲ, ಅಂಗೇ ಇಲ್ಲಿ ಕೂತ್ಕೋ. ಇದೂ ಜಗ್ಲಿ ಅನ್ಕೋ."

ಅವಳು ಒಲ್ಲದ ಮನಸ್ಸಿನಿಂದಲೇ ಬಂದು ಕಾರಿಗೆ ಬೆನ್ನು ಕೊಟ್ಟಳು, ಕೈ ಊರಿದಳು, ಕೂತಳು. ಬಾಗಿಲು ಅಗಲವಾಗಿತ್ತು. ಎರಡು ಕಾಲೂ ಜೊತೆಯಾಗಿ ಒಳಗೆ ಬಂದವು. ಯಾರೂ ಅವಳನ್ನು ಮುಟ್ಟಿರಲಿಲ್ಲ.

ತನ್ನ ಕಾಲುಗಳನ್ನೇ ಬಗ್ಗಿ ನೋಡಿ ಕೇಳಿದಳು: "ಈಗ ಯಾವ ಕಾಲು ಮೊದ್ಲು ಇಕ್ಕ್ದೆ?"

"ಎಲ್ಡೂ ಒಂದೇ ಸಲ."

"ಅಂಗಾದ್ರೆ ದೋಸ ಇಲ್ಲ ಬುಡು."

ಬಾಮೈದ ಇಷ್ಟಕ್ಕೇ ಬಿಡುವವನಲ್ಲ. "ನನ್ ಗಾಡೀಲೂ ಒಂದ್ಸಲ ಅಂಗೇ ಕೂತ್ನೋಡಿ ಅಕ್ಕಾ, ಮೆತ್ತಗೆ ಆಸಿಗೆ ಇದ್ದಂಗದೆ," ಅಂದ. ಅಕ್ಕ ಅವನ ಮನಸ್ಸು ನೋಯಿಸಬಾರದೆಂದು ಹೋಗಿ ಬೆನ್ನು ಕೊಟ್ಟಳು. ಸೀಟು ಸಿಗುವಷ್ಟರಲ್ಲಿ ದೊಪ್ಪನೆ ಬಿದ್ದಳು. ಕೂತದ್ದೇನೋ ಕೂತಳು, ಏಳಲು ಆಗಲಿಲ್ಲ. ಬಾಮೈದ ಕೈ ಚಾಚಿದ. ಅಕ್ಕ ಆ ಕೈಯನ್ನು ನೋಡಿದಳೇ ಹೊರತು ಹಿಡಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಮೂರನೇ ಸಲಕ್ಕೆ ತಾನೇ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಸೆಂದಾಗದೆ ಕಣಪ್ಪ ನಿನ್ ಕಾರು. ಬಾವಿನೂ ಅಂಗೇ, ಇಳಿಯಕೆ ಸಲೀಸು."

ಬಾಮೈದ ಬಿದ್ದು ಬಿದ್ದು ನಕ್ಕ. ಅಕ್ಕಿ ಡಬ್ಬವನ್ನು ಬುಕ್ ಮಾಡುವಾಗ ನನ್ನ ಜೊತೆ ಹಾಸನಕ್ಕೆ ಬಂದವನೂ ಅವನೇ. ಬಣ್ಣ ಮಾತ್ರ ತಾನು ಹೇಳಿದ್ದೇ ಆಗಬೇಕೆಂದ. ಆಗಲಿ ಅಂದೆ.

ಈ ಸಲ ಗೌರಿ ಹಬ್ಬದ ಬೆಳಿಗ್ಗೆ ಅಕ್ಕನನ್ನು ಕರೆತರಲು ನಾನೇ ಕಾರು ಓಡಿಸಿಕೊಂಡು ಹೋದೆ. ಅವಳು ಹತ್ತುವಾಗ ನಾನು ಬೇಕೆಂದೇ ಆಚೆ ಮುಖ ಮಾಡಿ ಗಾಜು ಒರೆಸುತ್ತಿದ್ದೆ. ಹೊಳೆನರಸೀಪುರದ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಬೀದಿಯ ಹೆಂಗಸರೆಲ್ಲ ಹೊರಗೆ ಬಂದರು. ಅಕ್ಕ ಬಾಗಿಲು ತಳ್ಳಿ ಎರಡು ಕಾಲನ್ನೂ ಜೋಡಿಸಿ ಹೊರಗೆ ಇಳಿಬಿಟ್ಟಳು. ಏಳಲಿಲ್ಲ. ಹಾಗೇ ಕೂತು ಎಲ್ಲರನ್ನೂ ಮಾತಾಡಿಸಲು ಶುರುಮಾಡಿದಳು. ಯಾರ ಮನೆಯ ಸೊಸೆ ಎಷ್ಟು ತಿಂಗಳು, ಯಾರ ಹಸು ಕರು ಹಾಕಿತು, ಒಂದೂ ಬಿಡಲಿಲ್ಲ.

ನನ್ನ ಹೆಂಡತಿ ಹೊಸಿಲಲ್ಲಿ ನಿಂತು, "ಒಳೀಕ್ ಬನ್ನಿ ಅತ್ಗೆ, ಬಾಗಿನ ಕಾಯ್ತಾ ಅದೆ," ಅಂದಳು.

"ಬತ್ತೀನಿ ಇರವ್ವ," ಅಂದಳು ಅಕ್ಕ. "ಮೊದ್ಲು ಒಂದು ಚೊಂಬು ನೀರು ಇಲ್ಲಿಗೇ ತತ್ತಾ. ಜಗ್ಲಿ ಮ್ಯಾಲೆ ಕೂತಿವ್ನಿ."