ಅಮ್ಮನಿಗೆ ಒಂದೇ ಕಾಲುಚೀಲ

ರೀಲ್ಸ್ ನೋಡಿ ಉಡುಗೊರೆ ಕೊಡುವ ಗೆಳೆಯರೇ, ನನ್ನ ಗತಿ ನೋಡಿ ಕಲಿಯಿರಿ.

ವಯಸ್ಸಾದ ತಂದೆತಾಯಿಗೆ ಕಡಿಮೆ ಖರ್ಚಿನ ಕ್ರಿಸ್‌ಮಸ್ ಉಡುಗೊರೆ ಎಂಬ ರೀಲ್ಸ್ ನಂಬಿ, ಶಿರಾ ಗೇಟಿನ ಅಂಗಡಿಯಿಂದ, ಕ್ರಿಸ್‌ಮಸ್‌ಗೆ ಉಡುಗೊರೆ ತುಂಬಿ ತೂಗುಹಾಕುವ ಉದ್ದನೆಯ ಕೆಂಪು ಕಾಲುಚೀಲ ತಂದೆ. ಅದರೊಳಗೆ ಸಣ್ಣ ಟಾರ್ಚು, ಮಂಡಿನೋವಿನ ಮುಲಾಮು, ಕೊಬ್ಬರಿ ಮಿಠಾಯಿ ತುಂಬಿಸಿದೆ. ನಮ್ಮತನವೂ ಇರಲಿ ಎಂದು ಒಂದು ವಿಭೂತಿ ಗಟ್ಟಿಯನ್ನೂ ಹಾಕಿದೆ. ಇವತ್ತು ಬೆಳಿಗ್ಗೆ ಅಮ್ಮನ ಮಂಚಕ್ಕೆ ತೂಗುಹಾಕಿದೆ.

ನಮ್ಮಮ್ಮ ಚೇಳೂರಿನವಳು. ಲಿಂಗಪೂಜೆ ಮುಗಿಯದೆ ಕಾಫಿಯನ್ನೂ ಮುಟ್ಟುವುದಿಲ್ಲ. ಚೀಲಕ್ಕೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದೇ ವಿಭೂತಿ.

"ಏನೇ ಇದು? ಕಾಲಿಗಾಕೋದ್ರಲ್ಲಿ ಈಬೂತಿ ಇಕ್ಕಿದೀಯಾ?"

"ಹೊಸದು ಕಣಮ್ಮ, ಯಾರೂ ಹಾಕ್ಕೊಂಡಿಲ್ಲ."

"ಹೊಸ ಚಪ್ಲೀಲಿ ಅನ್ನ ಇಕ್ಕಿದ್ರೆ ಉಣ್ತೀಯಾ?"

ಅಮ್ಮ ವಿಭೂತಿಯನ್ನು ದೇವರ ಮನೆಗೆ ಸೇರಿಸಿ ಬಂದಳು. ಟಾರ್ಚು, ಮುಲಾಮು, ಮಿಠಾಯಿಯನ್ನು ಮಂಚದ ಮೇಲೆ ಸುರಿದು, ಖಾಲಿ ಚೀಲವನ್ನು ಬಲಗಾಲಿಗೆ ಏರಿಸಿದಳು.

"ಬೆಚ್ಚಗದೆ ಕಣೇ. ಇನ್ನೊಂದೆಲ್ಲಿ?"

"ಅದು ಒಂದೇ ಬರೋದಮ್ಮ."

"ಒಂದೇನಾ? ನಿನ್ನ ಚೆನ್ನಾಗಿ ಯಾಮಾರ್ಸವ್ನೆ. ನಡಿ, ನಾನ್ ಕೇಳ್ತೀನಿ."

ಈಗ ನಾವು ಅದೇ ಅಂಗಡಿಯಲ್ಲಿದ್ದೇವೆ. ಅಮ್ಮ ಬಾಗಿಲಲ್ಲಿರುವ ಸಾಂತಾ ಬೊಂಬೆಯನ್ನು ತೋರಿಸಿ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ.

"ನೋಡಪ್ಪ, ಈ ಗಡ್ಡದ ತಾತಂಗೇ ಎರಡ್ ಕಾಲವೆ. ನಂಗ್ಯಾಕೆ ಒಂದ್ ಕೊಟ್ಟೆ?"

ಅವನು ನನ್ನ ಮುಖ ನೋಡುತ್ತಿದ್ದಾನೆ. ನಾನು ಈಯಮ್ಮ ಯಾರೋ ಗೊತ್ತೇ ಇಲ್ಲ ಎಂಬಂತೆ ಈ ಪೋಸ್ಟ್ ಬರೆಯುತ್ತಿದ್ದೇನೆ.