ಮಾವನ ಕಂಪನಿಯ ಡೈರೆಕ್ಟರು

ಬ್ರಿಟಿಷರ ಕಾಲದಲ್ಲಿ ಗೋಣಿಕೊಪ್ಪಲಿನ ಕರಿಮೆಣಸಿನ ಕಂಪನಿಗೆ ನನ್ನ ಗಂಡ ಡೈರೆಕ್ಟರಾದದ್ದು ವ್ಯಾಪಾರ ಗೊತ್ತಿತ್ತೆಂದಲ್ಲ, ಅಧ್ಯಕ್ಷರು ಅವರ ಸೋದರಮಾವ ಎಂದು. ಮಾವ ಕರೆದರು, ಇವರು ಹೋದರು. ನಮ್ಮ ಕಡೆ ಹಿರಿಯರು ಎದುರಾದರೆ ಬಗ್ಗಿ ಕಾಲು ಮುಟ್ಟುತ್ತೇವೆ. ಅವರು ಕೂರು ಎನ್ನುವ ತನಕ ಕೂರುವುದಿಲ್ಲ. ಕಂಪನಿಯ ಮೀಟಿಂಗಿನಲ್ಲೂ ಇದೇ ನಡೆಯಿತು. ಕೂರು ಎನ್ನಲು ಮಾವ ಮರೆತ ದಿನ ಇವರು ನಿಂತೇ ರುಜು ಹಾಕಿ ಬಂದದ್ದುಂಟು. ಆಗ ಕೇಳಿ ನಕ್ಕಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಬೆಲೆ ಬರುವ ತನಕ ಬೆಳೆಗಾರರು ತಮ್ಮ ಮೆಣಸನ್ನು ಕಂಪನಿಯ ಗೋದಾಮಿನಲ್ಲಿ ಇಡುತ್ತಿದ್ದರು. ಚೀಲಗಳನ್ನು ಕಣ್ಣಾರೆ ನೋಡಿ ಲೆಕ್ಕಕ್ಕೆ ರುಜು ಹಾಕುವುದು ಡೈರೆಕ್ಟರುಗಳ ಕೆಲಸ. ಒಮ್ಮೆ ಇವರು ಧೈರ್ಯ ಮಾಡಿ, ಗೋದಾಮು ತೆಗೆಸಿ ನೋಡೋಣವೇ ಎಂದು ಕೇಳಿದರಂತೆ. "ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಎಂದರಂತೆ ಮಾವ. ಅಲ್ಲಿಗೆ ಮುಗಿಯಿತು, ಇವರು ನೋಡದೆಯೇ ರುಜು ಹಾಕಿದರು. ಮನೆಗೆ ಬಂದು ನನಗೆ ಇಷ್ಟು ಹೇಳಿ, ಊಟ ಬಿಟ್ಟು ಮಲಗಿದರು.

ಕೊನೆಗೆ ಬೆಳೆಗಾರರೇ ಬೀಗ ಒಡೆಸಿದರು. ಮುಂದಿನ ಸಾಲಿನ ಚೀಲಗಳಲ್ಲಿ ಮೆಣಸು, ಹಿಂದೆಲ್ಲ ಕಾಫಿ ಹೊಟ್ಟು. ಉಳಿದ ಮೆಣಸನ್ನು ಮಾವ ಗುಟ್ಟಾಗಿ ಮಾರಿ ಆಗಿತ್ತು. ರುಜು ಹಾಕಿದವರೆಲ್ಲ ನಷ್ಟಕ್ಕೆ ಹೊಣೆ ಎಂದು ಮಡಿಕೇರಿಯಲ್ಲಿ ಕೇಸಾಯಿತು. ಮಾವನಿಗಿದ್ದದ್ದು ಮನೆತನದ ಜಮ್ಮಾ ಭೂಮಿ. ಅದನ್ನು ಕೋರ್ಟು ಕೂಡ ಹರಾಜು ಹಾಕುವಂತಿರಲಿಲ್ಲ. ನಾವಿಬ್ಬರೂ ಕಾಡು ಕಡಿದು ಎಬ್ಬಿಸಿದ ಕಾಫಿ ತೋಟಕ್ಕೆ ಆ ರಕ್ಷಣೆ ಇರಲಿಲ್ಲ.

"ಗೋದಾಮು ನೋಡ್ತೀನಿ ಅಂದೆ, ಅಧ್ಯಕ್ಷರು ಬಿಡಲಿಲ್ಲ ಅಂತ ಹೇಳಿ. ತೋಟ ಉಳಿಸೋಕೆ ಇರೋ ದಾರಿ ಅದೊಂದೇ" ಎಂದರು ನಮ್ಮ ವಕೀಲರು. ಆಗಲಿ ಎಂದರು ಇವರು.

ಬಿಳಿಯ ಜಡ್ಜ್ ದೊರೆಯ ಎದುರು ಇವರನ್ನು ನಿಲ್ಲಿಸಿದಾಗ ಮಾವ ಮುಂದಿನ ಬೆಂಚಿನಲ್ಲಿದ್ದರು, ನಾನು ಹಿಂದೆ.

"ಗೋದಾಮು ತೋರಿಸಿ ಅಂತ ಯಾವತ್ತಾದರೂ ಕೇಳಿದ್ರಾ?" ಎಂದರು ನಮ್ಮ ವಕೀಲರು.

ಇವರು ಮಾವನ ಕಡೆ ನೋಡಿದರು. "ಇಲ್ಲ, ಕೇಳಲಿಲ್ಲ" ಎಂದರು.

ಎದ್ದು ಕೂಗಬೇಕೆನಿಸಿತು. ಮಾವನಿಗೆ ಗೊತ್ತಿತ್ತಲ್ಲ, ಒಂದು ಮಾತು ಆಡಬಹುದಿತ್ತಲ್ಲ! ಆ ಮಹಾನುಭಾವರು ಕೆಮ್ಮಿ, ಶಾಲು ಸರಿಮಾಡಿಕೊಂಡು, ಕಿಟಕಿಯಾಚೆ ನೋಡುತ್ತ ಕೂತರು.

ತೋಟ ಹೋಯಿತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ, "ಅಷ್ಟು ಜನರ ಎದುರು ಮಾವನ ಮಾನ ಕಳೆಯೋದು ಹೇಗೆ?" ಎಂದರು.

ಆ ತೋಟದ ಒಂದೊಂದು ಗಿಡಕ್ಕೂ ನಾನೂ ಗುಂಡಿ ತೋಡಿದ್ದೆ. ಅದನ್ನು ಬಿಟ್ಟುಕೊಡುವ ಮೊದಲು ನನ್ನನ್ನೊಂದು ಮಾತು ಕೇಳಬೇಕೆಂದು ಅವರಿಗೆ ಅನಿಸಲೇ ಇಲ್ಲ.