ಎಳೆದರೇನೇ ಬಿಡುವುದು ಎಂದಿದ್ದೆ

"ಅಪ್ಪ, ತೊಡೆ ಹಿಂದ್ಗಡೆ ಹಿಡ್ಕಂಡಂಗಾಯ್ತದ."

ಹರವೆಯ ಶಾಲಾ ಮೈದಾನದಲ್ಲಿ ಎರಡನೇ ಸುತ್ತು ಓಡುತ್ತಿದ್ದ ಮಗಳು ಚೈತ್ರ ನಿಂತುಬಿಟ್ಟಳು. ಫಾರೆಸ್ಟ್ ಗಾರ್ಡ್ ಕೆಲಸದ ಓಟದ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ.

ನಾನು ಪಿ.ಟಿ. ಮೇಷ್ಟ್ರು. ಇಪ್ಪತ್ತೆರಡು ವರ್ಷ ಮಕ್ಕಳನ್ನು ಸಾಲಾಗಿ ಕೂರಿಸಿ, ಕಾಲು ಚಾಚಿಸಿ, ಮೂಗು ಮಂಡಿಗೆ ಮುಟ್ಟುವವರೆಗೆ ಬೆನ್ನು ಒತ್ತಿದವನು. ಯಾರು ಏನು ನೋವೆಂದರೂ ನನ್ನ ಬಳಿ ಇದ್ದದ್ದು ಅದೊಂದೇ ಔಷಧಿ.

"ಸ್ಟ್ರೆಚಿಂಗ್ ಸಾಲ್ದು ಕಣಮ್ಮಿ, ಕೂತ್ಕೊ" ಎಂದೆ.

"ಬುಡಪ್ಪ, ನೋಯ್ತದ."

"ಎಳದ್ರೇನೇ ಬುಡದು."

ಒತ್ತಿದೆ.

ಅವಳು ಕೂಗಲಿಲ್ಲ. ನನ್ನ ಕೈ ತಳ್ಳಿ ಪಕ್ಕಕ್ಕೆ ಉರುಳಿದಳು.

ಚಾಮರಾಜನಗರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಹ್ಯಾಮ್‌ಸ್ಟ್ರಿಂಗ್ ಟೇರ್, ಗ್ರೇಡ್ ಟು; ಅಂದರೆ ತೊಡೆಯ ಹಿಂದಿನ ಸ್ನಾಯು ಅರ್ಧಂಬರ್ಧ ಹರಿದಿತ್ತು. ಎರಡು ತಿಂಗಳು ಓಡುವಂತಿಲ್ಲ.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಸ್ಟ್ರೆಚಿಂಗ್ ಕೆಟ್ಟದ್ದಲ್ಲ ಮೇಷ್ಟ್ರೇ, ಮೈ ಸಡಿಲ ಆಗುತ್ತೆ. ಆದ್ರೆ ಮೊದಲು ನಡೆದು, ನಿಧಾನಕ್ಕೆ ಓಡಿ ಮೈ ಬಿಸಿ ಮಾಡ್ಕೋಬೇಕು. ಅಷ್ಟು ಮಾಡಿದ್ರೂ ಪೆಟ್ಟಾಗೋದೇ ಇಲ್ಲ ಅಂತಿಲ್ಲ. ನೋಯ್ತಿರೋದನ್ನಂತೂ ಎಳೀಬಾರದು."

"ನಾನು ಒತ್ತಿದ್ದಕ್ಕೇ ಹರೀತಾ ಸಾರ್?"

"ಮೊದಲೇ ಸ್ವಲ್ಪ ಹರಿದಿರಬಹುದು. ಆಮೇಲೆ ಜಾಸ್ತಿ ಆಗಿರಬಹುದು. ಹೇಳೋಕಾಗಲ್ಲ."

ಆ ಮಾತು ನನ್ನನ್ನು ಇವತ್ತಿಗೂ ತಿನ್ನುತ್ತಿದೆ. ತಪ್ಪು ನನ್ನದೇ ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ, ಅಲ್ಲ ಎಂದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಮನೆಯಲ್ಲಿ ತೊಡೆಯಲ್ಲಿ ನೀಲಿಗಟ್ಟಿದ್ದು ಮಂಡಿಯವರೆಗೆ ಇಳಿಯಿತು. ಐಸ್ ಇಡುವುದು, ಬ್ಯಾಂಡೇಜ್ ಸುತ್ತುವುದು ಎಲ್ಲ ನನ್ನ ಹೆಂಡತಿಯೇ. ನಾನು ಎದ್ದರೆ ಸಾಕು, ಚೈತ್ರ "ನೀನು ಕೂತ್ಕಪ್ಪ" ಎನ್ನುತ್ತಿದ್ದಳು. ಊರಿಗೆಲ್ಲ ಆಟ ಕಲಿಸಿದವನು ಮನೆಯ ಮೂಲೆಯಲ್ಲಿ ಕೈಕಟ್ಟಿ ಕೂತೆ. ಜೊತೆಯವರು ಫೋನ್ ಮಾಡಿದರೆ ಅವಳು ತೆಗೆಯುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಎದ್ದು ಹಾಲ್‌ಟಿಕೆಟ್ ನೋಡುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಕಣವ್ವ. ನೋಯ್ತದ ಅಂದಾಗ್ಲೇ ಬುಡ್ಬೇಕಿತ್ತು."



"ನಾನೂ ಎದ್ದೋಗ್ಬೋದಿತ್ತು. ನಿಂಗೆ ಗೊತ್ತಿರ್ತದ ಅಂತ ಸುಮ್ಗಾದೆ ಕಣಪ್ಪ."

ಹಾಲ್‌ಟಿಕೆಟ್ ಮಡಚಿಟ್ಟು, ಎದ್ದು, ಯಾರನ್ನೂ ಹಿಡಿಯದೆ ಬಾಗಿಲವರೆಗೆ ನಡೆದಳು. ಕುಂಟಲಿಲ್ಲ. ಸದ್ಯ, ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಬೇರೆ ಏನು ಅಂದುಕೊಳ್ಳಲಿ?